ಎಲ್ಲ ಕತೆಯಲ್ಲೂ ನೀರಿದೆ, ಸರಿ. ಆಮೇಲೆ?

ನಮಸ್ಕಾರ,

ನೀವು ಕಳಿಸಿದ ಹಸ್ತಪ್ರತಿ ಪೂರ್ತಿ ಓದಿದೆ. ನೀರಿನ ಬಗ್ಗೆ ಬೇರೆ ಬೇರೆ ಲೇಖಕರು ಬರೆದ 22 ಕತೆಗಳು, ಆರಿಸಿ ಜೋಡಿಸಿದವರು ನೀವು, ಮುಂದೆ ನಿಮ್ಮದೇ 14 ಪುಟದ ಮುನ್ನುಡಿ. ‘ಮುಲಾಜಿಲ್ಲದೆ ಹೇಳಿ’ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಹಾಗಾಗಿ ಹೇಳುತ್ತೇನೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಪುಸ್ತಕ ಇದೆ. ನೀವು ಮಾಡಲು ಹೊರಟ ಪುಸ್ತಕ ಅದಲ್ಲ, ಅಷ್ಟೇ.

ಮೊದಲ ತಕರಾರು ಶೀರ್ಷಿಕೆಯ ಬಗ್ಗೆಯೇ. ನೀರು ಅನ್ನುವುದು ಬರೀ ವಿಷಯ. ಕತೆಗಳನ್ನು ಹಿಡಿದಿಡುವ ಎಳೆ ಆಗಲು ಅಷ್ಟು ಸಾಲದು. ಹುಡುಕಿದರೆ ನೀರಿಲ್ಲದ ಕತೆ ಎಲ್ಲಿದೆ ಹೇಳಿ. ನಿಮ್ಮ ಒಂಬತ್ತನೇ ಕತೆಯಲ್ಲಿ ನೀರು ಬರುವುದು ಒಂದೇ ಕಡೆ: ಕೆಲಸ ಕಳೆದುಕೊಳ್ಳಲಿರುವ ಗುಮಾಸ್ತ ಮ್ಯಾನೇಜರ್ ಎದುರು ಕೂತು ಒಂದು ಲೋಟ ನೀರು ಕುಡಿಯುತ್ತಾನೆ. ಆ ಲೋಟದಲ್ಲಿ ಕಾಫಿ ಇದ್ದಿದ್ದರೆ ಆ ಕತೆ ಈ ಪುಸ್ತಕಕ್ಕೆ ಬರುತ್ತಲೇ ಇರಲಿಲ್ಲ, ಅಲ್ವಾ? ಹೀಗೆ ಹೆಸರಿಗೆ ಮಾತ್ರ ನೀರಿರುವ ಕತೆಗಳು ಆರೇಳು ಇವೆ. ಇನ್ನೊಂದು ಕಡೆ ಬರಗಾಲದ ಕತೆ ನಾಲ್ಕು ಸಾಲಾಗಿ ಬರುತ್ತವೆ. ನಾಲ್ಕರಲ್ಲೂ ನೆಲ ಬಿರುಕು ಬಿಟ್ಟಿದೆ, ನಾಲ್ಕರ ಕೊನೆಗೂ ಮಳೆ ಸುರಿಯುತ್ತದೆ. ಅವುಗಳಲ್ಲಿ ಎರಡನೆಯದು ನಿಜಕ್ಕೂ ಚೆನ್ನಾಗಿದೆ, ಆದರೆ ಮೊದಲನೆಯದನ್ನು ಆಗಷ್ಟೇ ಓದಿ ಮುಗಿಸಿದವರಿಗೆ ಅದರ ಕೊನೆ ಅರ್ಧದಲ್ಲೇ ಗೊತ್ತಾಗಿಬಿಡುತ್ತದೆ. ಒಳ್ಳೆಯ ಕತೆಯನ್ನು ಪಕ್ಕದ ಕತೆಯೇ ಕೊಂದಿದೆ.

ವಿಷಯ ಇಟ್ಟುಕೊಂಡು ಸಂಕಲನ ಮಾಡಲೇಬಾರದು ಅಂತಲ್ಲ. 13ನೇ ಶತಮಾನದಲ್ಲಿ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ ಮಾಡಿದಾಗ ಹಳೆಯ ಕಾವ್ಯಗಳಿಂದ ಪದ್ಯ ಆರಿಸಿ, ಸಮುದ್ರ, ಪರ್ವತ, ಋತು, ಚಂದ್ರೋದಯ ಹೀಗೆ ವರ್ಣನೆಗಳ ಪ್ರಕಾರವೇ ಜೋಡಿಸಿದ. ಅಲ್ಲಿ ಅದು ನಡೆಯುತ್ತದೆ. ಒಂದೇ ಚಂದ್ರೋದಯವನ್ನು ಒಬ್ಬೊಬ್ಬ ಕವಿ ಹೇಗೆ ಹೇಳಿದ ಅಂತ ಪಕ್ಕಪಕ್ಕ ಇಟ್ಟು ನೋಡುವುದರಲ್ಲೇ ಓದುಗನಿಗೆ ಖುಷಿ. ಬಿಡಿ ಪದ್ಯ, ನಾಲ್ಕು ಸಾಲು, ಹೋಲಿಸಿ ನೋಡುವುದು ಸುಲಭ. ಹನ್ನೆರಡು ಪುಟದ ಕತೆಗಳನ್ನು ಯಾರೂ ಹಾಗೆ ಓದುವುದಿಲ್ಲ.

ತಮಿಳಿನ ಸಂಗಂ ಸಂಕಲನಗಳಲ್ಲಿ, ಅಂದರೆ ಅಲ್ಲಿನ ಪ್ರಾಚೀನ ಪದ್ಯಗಳ ಸಂಗ್ರಹಗಳಲ್ಲಿ, ಜೋಡಣೆ ಇನ್ನೂ ಬಿಗಿ. ‘ಅಗನಾನೂರು’ ತೆಗೆದುಕೊಳ್ಳಿ. ಅದರ 400 ಪದ್ಯಗಳಲ್ಲಿ ಬೆಸ ಸಂಖ್ಯೆಯವೆಲ್ಲ ಪಾಲೈ, ಅಂದರೆ ಒಣ ಭೂಮಿಯ ಪದ್ಯಗಳು. 4, 14, 24 ಹೀಗೆ ಬರುವವು ಮುಲ್ಲೈ, ಕಾಡಿನವು. 10, 20, 30 ಹೀಗೆ ಬರುವವು ನೈದಲ್, ಕಡಲ ತೀರದವು. ಆದರೆ ಅಲ್ಲಿ ಪ್ರತಿ ನೆಲಕ್ಕೂ ಪ್ರೀತಿಯ ಒಂದೊಂದು ಸ್ಥಿತಿ ಅಂಟಿಕೊಂಡಿದೆ. ಒಣ ಭೂಮಿ ಎಂದರೆ ಅಗಲಿಕೆ, ಕಾಡು ಎಂದರೆ ನಲ್ಲ ಬರುತ್ತಾನೆ ಅಂತ ತಾಳ್ಮೆಯಿಂದ ಕಾಯುವುದು. ಹಾಗಾಗಿ ಸಾಲಾಗಿ ಓದುತ್ತಾ ಹೋದರೆ ಒಂದು ಪದ್ಯ ಬಿಟ್ಟು ಒಂದಕ್ಕೆ ಅಗಲಿಕೆಗೇ ವಾಪಸ್ ಬರುತ್ತೀರಿ. ನಿಮ್ಮ ನೀರಿಗೆ ಅಂಟಿಕೊಂಡಿರುವುದು ಏನು? ಇಡೀ ಮುನ್ನುಡಿಯಲ್ಲಿ ಅದಕ್ಕೆ ಉತ್ತರ ಇಲ್ಲ. ‘ಜೀವಜಲ’ ಅನ್ನುವ ಪದ ಮಾತ್ರ ಹನ್ನೊಂದು ಸಲ ಇದೆ, ಎಣಿಸಿದೆ.

ಈಗ ನನಗೆ ಖುಷಿ ಕೊಟ್ಟ ಭಾಗಕ್ಕೆ ಬರುತ್ತೇನೆ. ಐದನೇ ಕತೆಯ ಮುದುಕ ತನ್ನ ಬಾವಿಗೆ ಬೀಗ ಹಾಕಿ ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡಿರುತ್ತಾನೆ, ನಡು ಮಧ್ಯಾಹ್ನ ಕೊಡ ಹಿಡಿದು ಬಂದ ಹುಡುಗನಿಗೆ ‘ನಾಳೆ ಬಾ’ ಅನ್ನುತ್ತಾನೆ. ಹನ್ನೆರಡನೇ ಕತೆಯ ನರ್ಸ್ ಆಪರೇಷನ್ ಆದ ರೋಗಿಗೆ ರಾತ್ರಿಯಿಡೀ ನೀರು ಕೊಡುವುದಿಲ್ಲ. ಅವನು ಬೇಡುತ್ತಾನೆ, ಬಯ್ಯುತ್ತಾನೆ, ಅವಳು ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಾಳೆ, ಅಷ್ಟೇ. ಹತ್ತೊಂಬತ್ತನೇ ಕತೆಯ ಹೆಂಗಸು ಬಿಸಿಲಲ್ಲಿ ಒಂದು ಬೀದಿಯ ಅಷ್ಟೂ ಮನೆ ದಾಟಿ ಹೋಗುತ್ತಾಳೆ, ಯಾರ ಹತ್ತಿರವೂ ಒಂದು ಲೋಟ ನೀರು ಕೇಳುವುದಿಲ್ಲ.

ಈ ಮೂರನ್ನೂ ನೀವು ಪುಸ್ತಕದ ಮೂರು ಮೂಲೆಯಲ್ಲಿ ಇಟ್ಟಿದ್ದೀರಿ. ಒಂದರ ಹಿಂದೆ ಒಂದು ಇಟ್ಟು ನೋಡಿ. ಮುದುಕನ ಮೇಲೆ ಸಿಟ್ಟು ಮಾಡಿಕೊಂಡ ಓದುಗ, ಆ ಸಿಟ್ಟು ಆರುವ ಮೊದಲೇ ಅದೇ ‘ಇಲ್ಲ’ವನ್ನು ನರ್ಸ್ ಬಾಯಲ್ಲಿ ಕೇಳುತ್ತಾನೆ, ಈ ಸಲ ಅವನಿಗೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಆಮೇಲೆ ಮೂರನೆಯವಳು ಬಂದು ‘ಇಲ್ಲ’ ಅನ್ನುವ ಅವಕಾಶವನ್ನೇ ಯಾರಿಗೂ ಕೊಡುವುದಿಲ್ಲ. ಬೇಡಿದವರಿಗೆ ಯಾರು ಇಲ್ಲ ಅನ್ನಬಹುದು, ಯಾವಾಗ ಅನ್ನಲೇಬೇಕು? ನಿಮ್ಮ ಪುಸ್ತಕ ಇರುವುದು ಇಲ್ಲಿ. ಈ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿದರೆ ಬರಗಾಲದ ಮೂರು ಕತೆ ತಾವಾಗಿಯೇ ಉದುರುತ್ತವೆ. ಆ ಗುಮಾಸ್ತನ ಕತೆ ಮಾತ್ರ ಉಳಿಯುತ್ತದೆ, ಲೋಟದ ನೀರಿಗಾಗಿ ಅಲ್ಲ, ಇನ್ನೊಂದು ತಿಂಗಳು ಇರುತ್ತೇನೆ ಅಂತ ಅವನು ಕೇಳಿಕೊಂಡಾಗ ಸಿಕ್ಕ ಉತ್ತರಕ್ಕಾಗಿ.

ಸಂಪಾದಕರ ಕೆಲಸ ಆರಿಸುವುದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅರ್ಧ ಕೆಲಸ ಅದು. ಉಳಿದರ್ಧ ಯಾವುದರ ಪಕ್ಕ ಯಾವುದು ಅನ್ನುವುದು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿಬಿಡಿ ವಚನಗಳನ್ನು ಆರಿಸಿ, ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ ಎದುರುಬದುರು ಕೂತು ವಾದಿಸುವ ಹಾಗೆ ‘ಶೂನ್ಯಸಂಪಾದನೆ’ ಕಟ್ಟಿದರು. ಪ್ರತಿ ವಚನಕ್ಕೂ ಅದನ್ನು ಬರೆದವರ ಅಂಕಿತ ಇದೆ, ಒಂಟಿಯಾಗಿಯೂ ನಿಲ್ಲುತ್ತದೆ. ಪಕ್ಕದಲ್ಲಿಟ್ಟ ಕೂಡಲೇ ಒಂದು ಪ್ರಶ್ನೆ ಆಗುತ್ತದೆ, ಇನ್ನೊಂದು ಉತ್ತರ ಆಗುತ್ತದೆ. ಆಮೇಲೆ ಇನ್ನೂ ಮೂರು ಜನ ಬೇರೆ ಬೇರೆ ಕಾಲದಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದರು. ಜೋಡಣೆ ಸುಮ್ನೆ ಮಾಡುವ ಕೆಲಸ ಆಗಿದ್ದರೆ ಯಾರು ಅಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರು? ನಿಮ್ಮಲ್ಲಿ ಕತೆಗಳು ಲೇಖಕರ ಹೆಸರಿನ ಅಕಾರಾದಿ ಕ್ರಮದಲ್ಲಿವೆ. ನಿಘಂಟಿಗೆ ಅದು ಸರಿ.

ಅಂದ ಹಾಗೆ, ಆ ಕ್ರಮ ಮೊದಲ ಕತೆಗೆ ಮಾತ್ರ ಅನ್ವಯಿಸಿಲ್ಲ, ಯಾಕೆಂದರೆ ಅದು ನಿಮ್ಮದು. ಕತೆ ಕೆಟ್ಟದ್ದಲ್ಲ. ಆದರೆ ಸಂಪಾದಕರೇ ತಮ್ಮ ಕತೆಯನ್ನು ಮುಂದಿಟ್ಟರೆ ಓದುಗರು ಉಳಿದ ಆಯ್ಕೆಯನ್ನೂ ಅನುಮಾನದಿಂದಲೇ ನೋಡುತ್ತಾರೆ. ತೆಗೆದುಬಿಡಿ, ಬೇರೆ ಕಡೆ ಕಳಿಸಿ.

ಮುನ್ನುಡಿ ಎರಡು ಪುಟಕ್ಕೆ ಇಳಿಯಲಿ. ಒಂದೊಂದು ಕತೆಗೂ ಒಂದೊಂದು ಪ್ಯಾರಾ ಬರೆದು ಸಾರಾಂಶ ಕೊಟ್ಟಿದ್ದೀರಿ. ಹನ್ನೆರಡನೇ ಕತೆಯ ರೋಗಿ ಬೆಳಗಿನವರೆಗೆ ಉಳಿಯುತ್ತಾನಾ ಇಲ್ಲವಾ ಅನ್ನುವುದು ಮುನ್ನುಡಿಯ ಮೂರನೇ ಪುಟದಲ್ಲೇ ಬಯಲಾಗಿದೆ! ಕತೆ ಬರೆದವರು ಇದನ್ನು ನೋಡಿದರೆ ನಿಮ್ಮ ಜೊತೆ ಮಾತು ಬಿಡುತ್ತಾರೆ.

ಅನುಮತಿ ಪತ್ರಗಳು ಒಂದೂ ಇಲ್ಲ. ಎಲ್ಲರದ್ದೂ ಬೇಕು, ಬರಹದಲ್ಲಿ ಬೇಕು. ತೀರಿಕೊಂಡ ಇಬ್ಬರು ಲೇಖಕರ ಕತೆ ಸೇರಿಸಿದ್ದೀರಿ, ‘ಹಳೆಯದು, ಪರವಾಗಿಲ್ಲ’ ಅಂತ ಟಿಪ್ಪಣಿ ಬೇರೆ. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ವಾರಸುದಾರರನ್ನು ಹುಡುಕಿ ಕೇಳಬೇಕು. ಅನುವಾದಿತ ಕತೆಗೆ ಮೂಲ ಲೇಖಕರ ಒಪ್ಪಿಗೆಯೂ ಬೇಕು, ಅನುವಾದಕರದ್ದೂ ಬೇಕು.

ಮುಂದಿನ ಸಲ ಇಡೀ ಹಸ್ತಪ್ರತಿ ಕಳಿಸಬೇಡಿ. ಪರಿವಿಡಿ ಒಂದೇ ಕಳಿಸಿ. ಹದಿಮೂರು ಹದಿನಾಲ್ಕು ಕತೆ ಸಾಕು. ಪ್ರತಿ ಕತೆಯ ಹೆಸರಿನ ಕೆಳಗೆ, ಹಿಂದಿನ ಕತೆ ಆದ ಮೇಲೆ ಇದೇ ಯಾಕೆ ಬರಬೇಕು ಅಂತ ಒಂದು ಸಾಲು ಬರೆಯಿರಿ. ಆ ಸಾಲು ಹೊಳೆಯದ ಕತೆಯನ್ನು ಕೈಬಿಡಿ, ಅದು ಎಷ್ಟೇ ದೊಡ್ಡ ಹೆಸರಿನವರದ್ದಾಗಿರಲಿ. ಮತ್ತೆ, ಬಾವಿಯ ಮುದುಕನ ಕತೆ ಬರೆದವರ ಹತ್ತಿರ ಬೇರೆ ಕತೆಗಳಿದ್ದರೆ ನಮಗೆ ನೇರವಾಗಿ ಕಳಿಸಲು ಹೇಳಿ.