ಅಡಿಕೆ ಮರದ ಸೇಫ್ಟಿ ಲಾಕ್: ಮೇಳಕ್ಕೆ ಒಯ್ಯುವ ಮೊದಲು

ನಮಸ್ಕಾರ. ನಿಮ್ಮ ತಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿದ ಸೇಫ್ಟಿ ಲಾಕಿನ ವಿಡಿಯೊವನ್ನು ನಮ್ಮ ಗುಂಪಿನಲ್ಲಿ ನೋಡಿದೆ. ಮರಕ್ಕೆ ಸುತ್ತಿದ ಪಟ್ಟಿ, ಜಗ್ಗಿದ ಕೂಡಲೇ ಡಬ್ಬಿಯೊಳಗೆ ಕಚ್ಚಿಕೊಳ್ಳುವ ಕ್ಯಾಚ್, ಅಲ್ಲಿಂದ ಸೊಂಟದ ಬೆಲ್ಟಿಗೆ ಕೊಂಡಿ. ಬರುವ ತಿಂಗಳ ಕೃಷಿ ಮೇಳದಲ್ಲಿ ಇಡಬಹುದೇ, ಪೇಟೆಯ ಅಂಗಡಿಯವರು ನೂರು ಪೀಸಿಗೆ ಡ್ರಾಯಿಂಗ್ ಕೇಳುತ್ತಿದ್ದಾರೆ, ಕೊಡಲೇ ಎಂದು ಕೇಳಿದ್ದೀರಿ. ಪ್ರತಿ ಮಳೆಗಾಲವೂ ಔಷಧಿ ಹೊಡೆಯಲು ಹತ್ತಿದವರು ಬಿದ್ದ ಸುದ್ದಿ ಕೇಳುವ ನಮಗೆಲ್ಲ ಇದು ಬೇಕಾದ ವಸ್ತು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಡ್ರಾಯಿಂಗ್ ಈಗ ಕೊಡಬೇಡಿ. ಪೇಟೆಂಟಿಗೆ, ಅಂದರೆ ನಿಮ್ಮ ಕಲ್ಪನೆಯನ್ನು ಬೇರೆಯವರು ಮಾಡಿ ಮಾರದಂತೆ ತಡೆಯುವ ಹಕ್ಕಿಗೆ, ಅರ್ಜಿ ಹಾಕದೆ ಮೇಳಕ್ಕೆ ಒಯ್ಯಬೇಡಿ. ಬೀಳುವ ಭಾರವನ್ನು ಅದು ಹಿಡಿಯುತ್ತದೆ ಎಂಬುದಕ್ಕೆ ದಾಖಲೆ ಕೈಯಲ್ಲಿ ಇಲ್ಲದೆ ಒಂದು ಪೀಸೂ ಮಾರಬೇಡಿ.

ಅರ್ಜಿಯ ಕೆಲಸ ಜನ ಹೆದರುವಷ್ಟು ದೊಡ್ಡದಲ್ಲ. ನಮ್ಮ ಕಾನೂನಿನಲ್ಲಿ ಮೊದಲೇ ಜನರ ಮುಂದೆ ಬಂದದ್ದಕ್ಕೆ ಸಾಮಾನ್ಯವಾಗಿ ಪೇಟೆಂಟ್ ಸಿಗುವುದಿಲ್ಲ. ಪ್ರದರ್ಶನಕ್ಕೆ 12 ತಿಂಗಳ ವಿನಾಯಿತಿ ಇದೆ, ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನಕ್ಕೆ ಮಾತ್ರ. ಊರ ಮೇಳವನ್ನು ನಂಬಿ ಕೂರಬೇಡಿ. ಈ ಗುಂಪಿಗೆ ಹಾಕಿದ ವಿಡಿಯೊವನ್ನೂ ಈಗಲೇ ತೆಗೆಯಿರಿ. ಅದರಲ್ಲಿ ಹೊರಗಿನ ಡಬ್ಬಿ ಮಾತ್ರ ಕಾಣುತ್ತದೆ, ಒಳಗಿನ ಕ್ಯಾಚ್ ಕಾಣುವುದಿಲ್ಲ, ಅಷ್ಟು ಒಳ್ಳೆಯದಾಯಿತು. ಆದರೂ ಹಾಕಿದ ದಿನಾಂಕವನ್ನು ಅರ್ಜಿ ಬರೆದುಕೊಡುವ ಪೇಟೆಂಟ್ ಏಜೆಂಟರಿಗೆ ಮುಚ್ಚಿಡದೆ ಹೇಳಿ. ಪ್ರಾವಿಷನಲ್, ಅಂದರೆ ತಾತ್ಕಾಲಿಕ ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ, ಏಜೆಂಟರ ಫೀಸು ಬೇರೆ. ಕರ್ನಾಟಕದವರಿಗೆ ಚೆನ್ನೈಯ ಪೇಟೆಂಟ್ ಕಚೇರಿ. ಹಾಕಿದ ದಿನದಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಸುಧಾರಿಸಿಕೊಳ್ಳಲು ಆ ಒಂದು ವರ್ಷ ನಿಮ್ಮದು. ತಮ್ಮ ಇಂಜಿನಿಯರಿಂಗ್ ಓದಿದವನಲ್ಲ ಎಂದಿರಿ. ಹಾಗಿದ್ದರೆ ಗುಜರಾತಿನ ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್ನಿಗೂ ಬರೆಯಿರಿ. ಓದಿನ ಹಿನ್ನೆಲೆಯಿಲ್ಲದೆ ಸ್ವಂತ ಬುದ್ಧಿಯಿಂದ ಮಾಡಿದವರಿಗೆ ನೆರವಾಗಲೆಂದೇ ಇರುವ ಸಂಸ್ಥೆ ಅದು. ತೆಂಗಿನ ಮರ ಹತ್ತುವ ಸಾಧನ ಮಾಡಿದ ಕಣ್ಣೂರು ಕಡೆಯ ಅಪ್ಪಚ್ಚನ್ ಅವರ ಬೆನ್ನಿಗೆ ನಿಂತದ್ದೂ ಅದೇ.

ಈಗ ನಿಜವಾದ ಕೆಲಸಕ್ಕೆ ಬರೋಣ. ಸೊಂಟದ ಬೆಲ್ಟ್ ಬಿಡಿಸಿ. 80 ಕಿಲೋ ಮನುಷ್ಯ ಒಂದು ಮೀಟರ್ ಜಾರಿ, 10 ಸೆಂಟಿಮೀಟರ್‌ನಲ್ಲಿ ಗಕ್ಕನೆ ನಿಂತ ಎಂದುಕೊಳ್ಳಿ. ಅವನ ಮೈಮೇಲೆ ಬೀಳುವ ಸರಾಸರಿ ಜಗ್ಗು ಸುಮಾರು 880 ಕಿಲೋ ತೂಕದಷ್ಟು. ಅದೆಲ್ಲ ಸೊಂಟದ ಒಂದೇ ಪಟ್ಟಿಗೆ ಬಿದ್ದರೆ ಮನುಷ್ಯ ನೆಲಕ್ಕೆ ಬೀಳದೆಯೂ ಬೆನ್ನು ಮುರಿದುಕೊಳ್ಳಬಹುದು. ನಿಲ್ಲುವ ದೂರ 50 ಸೆಂಟಿಮೀಟರ್ ಆದರೆ ಅದೇ ಜಗ್ಗು 240 ಕಿಲೋಗೆ ಇಳಿಯುತ್ತದೆ. ಹೊಲಿಗೆ ಬಿಚ್ಚಿಕೊಳ್ಳುತ್ತ ಆಘಾತ ಹೀರುವ ಪಟ್ಟಿಗಳು ಸೇಫ್ಟಿ ಅಂಗಡಿಗಳಲ್ಲಿ ಸಿಗುತ್ತವೆ. ಅವನ್ನೂ, ತೊಡೆ ಮತ್ತು ಭುಜಕ್ಕೆ ಭಾರ ಹಂಚುವ ಫುಲ್ ಬಾಡಿ ಹಾರ್ನೆಸ್ಸನ್ನೂ ಐಎಸ್‌ಐ ಗುರುತು ನೋಡಿ ಕೊಳ್ಳಿ. ಇದಕ್ಕೆ ನಮ್ಮ ದೇಶದ ಮಾನಕ ಐಎಸ್ 3521. ಆ ಪುಸ್ತಕ ತರಿಸಿ ಓದಿ, ಪರೀಕ್ಷೆ ಹೇಗೆ ಮಾಡಬೇಕೆಂಬುದು ಅದರಲ್ಲಿದೆ. ತಮ್ಮ ತನ್ನ ಬುದ್ಧಿಯನ್ನೆಲ್ಲ ಲಾಕಿಗೆ ಮಾತ್ರ ಖರ್ಚು ಮಾಡಲಿ.

ಮೊದಲ ಪರೀಕ್ಷೆಗೆ ಮನುಷ್ಯ ಬೇಡವೇ ಬೇಡ. 100 ಕಿಲೋ ಮರಳು ಚೀಲ, ಒಂದು ರಾಟೆ, ಎಳೆದರೆ ಬಿಡುವ ಕೊಕ್ಕೆ ಸಾಕು. ಕಬ್ಬಿಣದ ಕಂಬದ ಮೇಲೆ ಪಾಸಾದ ನಂತರ ಮರಕ್ಕೆ ಹೋಗಿ. ಬೇಸಿಗೆಯ ಒಣ ಮರದಲ್ಲಿ ಯಾವ ಕ್ಯಾಚೂ ಕಚ್ಚುತ್ತದೆ. ಆಷಾಢದಲ್ಲಿ ಪಾಚಿ ಕಟ್ಟಿದ ಮರಕ್ಕೆ ನೀರು ಹೊಯ್ದು ಬೀಳಿಸಿ ನೋಡಬೇಕು. ಬುಡದಲ್ಲಿ ಹಿಡಿದ ಪಟ್ಟಿ ತುದಿಯ ಸಪೂರ ಭಾಗದಲ್ಲಿ ಸಡಿಲವಾಗುತ್ತದೆ, ಅಲ್ಲೂ ನೋಡಬೇಕು. ಇನ್ನೊಂದು ಶತ್ರು ಬೋರ್ಡೋ, ಮೈಲುತುತ್ತ ಮತ್ತು ಸುಣ್ಣ ಕಲಸಿ ಅಡಿಕೆಗೆ ಹೊಡೆಯುವ ಔಷಧಿ. ಮೈಲುತುತ್ತದ ನೀರು ಕಬ್ಬಿಣವನ್ನೂ ಅದರ ಮೇಲಿನ ಸತುವಿನ (ಜಿಐ) ಲೇಪವನ್ನೂ ತಿನ್ನುತ್ತದೆ, ಸ್ಪ್ರಿಂಗ್ ಒಂದೇ ಸೀಸನ್ನಿಗೆ ಬಿಗಿದುಕೊಂಡರೆ ಲಾಕ್ ಕಚ್ಚುವುದೇ ಇಲ್ಲ. ಸ್ಪ್ರಿಂಗ್ ಮತ್ತು ಪಿನ್ನು ಸ್ಟೇನ್‌ಲೆಸ್ ಸ್ಟೀಲ್ ಇರಲಿ, ಪಟ್ಟಿ ಪಾಲಿಯೆಸ್ಟರ್ ಇರಲಿ. ನೈಲಾನ್ ಒದ್ದೆಯಾದರೆ ಬಲ ತಗ್ಗುತ್ತದೆ. ಪ್ರತಿ ಸಲವೂ ದಿನಾಂಕ, ತೂಕ, ಬಿದ್ದ ಎತ್ತರ, ಜಾರಿದ ದೂರ ಬರೆದು ವಿಡಿಯೊ ಇಟ್ಟುಕೊಳ್ಳಿ. ಕೊನೆಗೆ ಮಾನ್ಯತೆ ಪಡೆದ ಲ್ಯಾಬಿನ ವರದಿಯೂ ಬೇಕು.

ಇಷ್ಟಾದ ಮೇಲೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಕೈಗೆ ಕೊಡಿ, ನೆಲದಿಂದ ಆಳೆತ್ತರದಲ್ಲಿ. ಅವರು ಒಂದು ಮರ ಹತ್ತಿ ಇಳಿಯುವವರಲ್ಲ, ಮೇಲಿಂದಲೇ ಪಕ್ಕದ ಮರ ಎಳೆದು ದಾಟುವವರು. ದಾಟಲು ಬಿಡದ ಲಾಕ್ ಅವರ ದಿನದ ದುಡಿಮೆ ಕಡಿಮೆ ಮಾಡುತ್ತದೆ, ಎರಡನೇ ದಿನ ಅದು ಕೊಟ್ಟಿಗೆಯ ಮೊಳೆಯಲ್ಲಿ ನೇತಾಡುತ್ತದೆ. ಎರಡು ಪಟ್ಟಿ ಕೊಟ್ಟು, ಒಂದನ್ನು ಹೊಸ ಮರಕ್ಕೆ ಒಂದೇ ಕೈಯಲ್ಲಿ ಹಾಕಿದ ಮೇಲೆ ಇನ್ನೊಂದನ್ನು ಬಿಡಿಸುವಂತೆ ಮಾಡಲು ಸಾಧ್ಯವೇ ನೋಡಿ. ನನ್ನ ಪ್ರಕಾರ ಇಡೀ ವಿನ್ಯಾಸದ ಗೆಲುವು ಸೋಲು ಇಲ್ಲೇ ಇದೆ. ದುಡ್ಡು ಕೊಡುವವರು ತೋಟದವರು, ತೊಡುವವರು ಕೊನೆಗೌಡರು. ತೊಡುವವರು ಒಪ್ಪದೆ ವ್ಯಾಪಾರ ಇಲ್ಲ. ನೇತಾಡುತ್ತ ಉಳಿದವರನ್ನು ಬೇಗ ಇಳಿಸುವುದು ಹೇಗೆಂಬುದನ್ನೂ ಕಲಿಸಬೇಕು. ಹಾರ್ನೆಸ್ಸಿನಲ್ಲಿ ಅಲುಗಾಡದೆ ತುಂಬ ಹೊತ್ತು ತೂಗುವುದು ಪ್ರಾಣಕ್ಕೇ ಅಪಾಯ.

ದೊಡ್ಡ ಕಂಪನಿ ತಗೊಂಡೇ ತಗೊಳ್ಳುತ್ತದೆ ಎಂಬ ಆಸೆ ಹೆಚ್ಚು ಬೇಡ. ಅಮೆರಿಕದ ಸ್ಟೀವ್ ಗ್ಯಾಸ್ ಎಂಬ ಪೇಟೆಂಟ್ ವಕೀಲರು ಬೆರಳು ತಾಗಿದ ಕೂಡಲೇ ನಿಲ್ಲುವ ಗರಗಸವನ್ನು 1999ರಲ್ಲಿ ಕಂಡುಹಿಡಿದರು. ದೊಡ್ಡ ತಯಾರಕರು ಲೈಸೆನ್ಸ್ ಪಡೆಯಲಿಲ್ಲ. ಕೊನೆಗೆ ಗೆಳೆಯರ ಜೊತೆ ತಾವೇ ಸಾಸ್ಟಾಪ್ ಕಂಪನಿ ಕಟ್ಟಿ 2004ರ ಹೊತ್ತಿಗೆ ಮಾರಾಟಕ್ಕೆ ತಂದರು. ಜನ ನಂಬಿದ್ದು ತಿರುಗುವ ಗರಗಸಕ್ಕೆ ಬೆರಳಿನ ಬದಲು ಸಾಸೇಜ್ ಎಂಬ ಮಾಂಸದ ತಿನಿಸು ತಾಗಿಸಿ ಕಣ್ಣೆದುರು ತೋರಿಸಿದ್ದಕ್ಕೆ. ನಿಮ್ಮ ಮರಳು ಚೀಲವೂ ಮೇಳದಲ್ಲಿ ಅದೇ ಕೆಲಸ ಮಾಡುತ್ತದೆ.

ಜಾಹೀರಾತಿನಲ್ಲಿ ‘ಬೀಳುವುದೇ ಇಲ್ಲ’ ಎಂದು ಬರೆಯಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ಪಷ್ಟವಾಗಿ ಕೊಟ್ಟ ಭರವಸೆಗೆ ತಕ್ಕಂತೆ ವಸ್ತು ಇಲ್ಲದಿದ್ದರೆ, ಅಜಾಗರೂಕತೆ ಇರಲಿಲ್ಲ ಎಂದು ಸಾಬೀತು ಮಾಡಿದರೂ ತಯಾರಕರೇ ಹೊಣೆ. ಎಷ್ಟು ತೂಕದವರಿಗೆ, ಎಷ್ಟು ದಪ್ಪದ ಮರಕ್ಕೆ, ಒಮ್ಮೆ ಬಿದ್ದ ಭಾರ ಹಿಡಿದ ಪಟ್ಟಿಯನ್ನು ಮತ್ತೆ ಬಳಸಬಾರದು ಎಂಬುದನ್ನೆಲ್ಲ ಕನ್ನಡದಲ್ಲಿ ಚಿತ್ರದೊಂದಿಗೆ ಅಚ್ಚು ಹಾಕಿಸಿ. ಪ್ರತಿ ಪೀಸಿಗೂ ನಂಬರ್ ಕೆತ್ತಿಸಿ. ನಾಳೆ ಒಂದು ಬ್ಯಾಚಿನ ಸ್ಪ್ರಿಂಗ್ ಕೆಟ್ಟದ್ದೆಂದು ಗೊತ್ತಾದರೆ ಯಾರ ಮನೆಗೆ ಫೋನ್ ಮಾಡಬೇಕೆಂದು ತಿಳಿದಿರಬೇಕು.

ಅಂಗಡಿಯವರಿಗೆ ಇವತ್ತೇ ಹೇಳಿ: ಅರ್ಜಿ ಸಂಖ್ಯೆ ಬಂದ ಮೇಲೆ ಮಾತಾಡೋಣ, ಡ್ರಾಯಿಂಗ್ ಇಲ್ಲ, ತಯಾರಿಸಿದ ಪೀಸ್ ಮಾತ್ರ ಕೊಡುತ್ತೇವೆ. ಮುಂದೆ ಅವರೇ ತಯಾರಿಸುತ್ತೇವೆ ಎಂದರೆ ಹಕ್ಕು ಪೂರ್ತಿ ಬರೆದುಕೊಡಬೇಡಿ. ಇಷ್ಟು ವರ್ಷಕ್ಕೆ, ಪೀಸಿಗೆ ಇಷ್ಟು ಎಂದು ಲಿಖಿತ ಲೈಸೆನ್ಸ್ ಮಾಡಿ. ಬಾಯಿಮಾತಿನ ಲೈಸೆನ್ಸ್ ಕಾನೂನಿನಲ್ಲಿ ನಿಲ್ಲುವುದಿಲ್ಲ. ಮತ್ತೆ ಮೊದಲಿಗೆ ನೂರು ಬೇಡ, ಹತ್ತು ಸಾಕು. ಹತ್ತನ್ನೂ ಒಂದು ಮಳೆಗಾಲ ಪೂರ್ತಿ ಬಳಸಲು ಕೊಟ್ಟು, ವಾಪಸ್ ತರಿಸಿ ಬಿಚ್ಚಿ ನೋಡಿ.