ರಿಫೈನರಿಗಳಿಗೆ ಕಚ್ಚಾ ತೈಲ ಎಲ್ಲಿಂದ ಬರುತ್ತದೆ?

ರಿಫೈನರಿ ನಡೆಸುವ ಕಂಪನಿಗಳಿಗೆಲ್ಲ ಸ್ವಂತ ತೈಲ ಬಾವಿ ಇರುತ್ತಾ, ಇಲ್ಲದಿದ್ದರೆ ಕಚ್ಚಾ ತೈಲ ಎಲ್ಲಿಂದ ತರಿಸುತ್ತಾರೆ ಅಂತ ಕೇಳಿದ್ದೀರಿ. ನಾನು ರಿಫೈನರಿಯೊಂದರ ಲ್ಯಾಬಿನಲ್ಲಿ ಕೆಲವು ವರ್ಷ ಇದ್ದೆ. ಹಡಗಿನಲ್ಲಿ ಬಂದ ತೈಲದ ಸ್ಯಾಂಪಲ್ ಪರೀಕ್ಷಿಸುವುದೇ ಕೆಲಸ.

ಹೆಚ್ಚಿನವರು ಕೊಂಡು ತರುತ್ತಾರೆ. ಸೌದಿ ಅರಾಮ್ಕೊ, ಎಕ್ಸಾನ್‌ಮೊಬಿಲ್, ಶೆಲ್ ಥರದ ಕಂಪನಿಗಳಿಗೆ ಬಾವಿಯೂ ಇದೆ, ರಿಫೈನರಿಯೂ ಇದೆ. ಆದರೆ ದೊಡ್ಡ ಕಂಪನಿಗಳೂ ತಮ್ಮ ಬಾವಿಯ ತೈಲ ಮಾರಿ, ತಮ್ಮ ರಿಫೈನರಿಗೆ ಬೇರೆಯವರಿಂದ ಕೊಳ್ಳುವುದುಂಟು. ವಿಚಿತ್ರ ಅನ್ನಿಸುತ್ತೆ ಅಲ್ವಾ?

ಎರಡು ಬಾಟಲಿ ಪಕ್ಕಪಕ್ಕ ಇಟ್ಟರೆ ಕಾರಣ ಕಣ್ಣಿಗೇ ಕಾಣುತ್ತದೆ. ನೈಜೀರಿಯಾದ ಬೋನಿ ಲೈಟ್ ಎಂಬ ಕಚ್ಚಾ ತೈಲದ ಬಾಟಲಿಯನ್ನು ಓರೆ ಮಾಡಿದರೆ ಸಾಕು, ಸಲೀಸಾಗಿ ಹರಿಯುತ್ತದೆ. ಮೆಕ್ಸಿಕೊದ ಮಾಯಾ ತೈಲ ಮಂದ, ಕಪ್ಪು, ಗಾಜಿಗೇ ಅಂಟಿಕೊಳ್ಳುತ್ತದೆ. ಅದರಲ್ಲಿ ಗಂಧಕ ಶೇ. 3ಕ್ಕಿಂತ ಜಾಸ್ತಿ. ಗಂಧಕ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಅದು ‘ಸ್ವೀಟ್’, ಮೇಲಿದ್ದರೆ ‘ಸೋರ್’. ತೆಳು ತೈಲಕ್ಕೆಂದು ಕಟ್ಟಿದ ರಿಫೈನರಿಗೆ ಮಾಯಾ ಸುರಿದರೆ ಅರ್ಧಕ್ಕರ್ಧ ಬರೀ ಗಟ್ಟಿ ಎಣ್ಣೆಯೇ ಉಳಿಯುತ್ತದೆ. ಅದನ್ನು ಒಡೆದು ಡೀಸೆಲ್ ಮಾಡಲು ಕೋಕರ್ ಎಂಬ ಘಟಕ ಬೇಕು, ಗಂಧಕ ತೆಗೆಯಲು ಬೇರೆ ಘಟಕ ಬೇಕು. ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ತೈಲ ತೆಗೆಯುವ ಅಮೆರಿಕ ಇವತ್ತಿಗೂ ಕೆನಡಾದಿಂದ ದಿನಾ ಲಕ್ಷಗಟ್ಟಲೆ ಬ್ಯಾರೆಲ್ ತರಿಸುವುದು ಇದಕ್ಕೇ. ಅಮೆರಿಕದ ಶೇಲ್ ತೈಲ (ಶೇಲ್ ಎಂಬ ಬಂಡೆಯಿಂದ ತೆಗೆದದ್ದು) ತೆಳು, ಆದರೆ ಅಲ್ಲಿನ ಎಷ್ಟೋ ರಿಫೈನರಿಗಳು ಮಂದ ತೈಲಕ್ಕೆ ಹೊಂದಿಸಿದವು.

ಕೊಳ್ಳುವುದು ಎರಡು ಥರ. ಒಂದು, ಅರಾಮ್ಕೊದಂಥ ಮಾರಾಟಗಾರರ ಜೊತೆ ವರ್ಷದ ಒಪ್ಪಂದ. ಬೆಲೆ ಮಾತ್ರ ತಿಂಗಳು ತಿಂಗಳು ಬದಲಾಗುತ್ತದೆ. ಇನ್ನೊಂದು ಸ್ಪಾಟ್ ಖರೀದಿ. ವಿಟೋಲ್, ಟ್ರಾಫಿಗುರಾ ಥರದ ವ್ಯಾಪಾರಿ ಕಂಪನಿಗಳಿಂದ ಒಂದೊಂದೇ ಹಡಗಿನ ಲೆಕ್ಕದಲ್ಲಿ. ಮಾರುಕಟ್ಟೆಯಲ್ಲಿ ಅಳತೆಗೋಲಾಗಿ ಬಳಸುವ ಬ್ರೆಂಟ್ ಅಥವಾ ದುಬೈ ತೈಲದ ಬೆಲೆಗೆ ಒಂದಿಷ್ಟು ಕೂಡಿಸಿ ಅಥವಾ ಕಳೆದು ದರ ಕುದುರಿಸುತ್ತಾರೆ. ಹಡಗು ಸಮುದ್ರದಲ್ಲಿರುವಾಗಲೇ ಸರಕಿನ ಮಾಲೀಕರು ಬದಲಾಗುವುದೂ ಇದೆ.

ಪೈಪ್‌ಲೈನ್ ಇದ್ದ ಕಡೆ ಸಾಗಣೆ ಸುಲಭ. ಸೋವಿಯತ್ ಕಾಲದ ದ್ರುಜ್ಬಾ 1964ರಿಂದ ಮಧ್ಯ ಯುರೋಪಿಗೆ ತೈಲ ಹರಿಸಿದೆ. ಉಳಿದಂತೆ ಹಡಗೇ ಗತಿ. ದೊಡ್ಡ ಟ್ಯಾಂಕರ್ ಒಂದರಲ್ಲಿ ಸುಮಾರು 20 ಲಕ್ಷ ಬ್ಯಾರೆಲ್, ಬ್ಯಾರೆಲ್ಲಿಗೆ 159 ಲೀಟರ್. ಅಷ್ಟು ದೊಡ್ಡ ಹಡಗು ಎಷ್ಟೋ ಬಂದರುಗಳಿಗೆ ಬರಲಾಗದು. ದಡದಿಂದ ದೂರ ತೇಲುಬುರುಡೆಗೆ (ಬೋಯ್) ಹಡಗನ್ನು ಕಟ್ಟುತ್ತಾರೆ, ತೈಲ ಸಮುದ್ರದಡಿಯ ಪೈಪಿನಲ್ಲಿ ದಡಕ್ಕೆ ಬರುತ್ತದೆ.

ಆಮೇಲೆ ನಮ್ಮ ಸರದಿ. ಟ್ಯಾಂಕಿನ ಮೇಲೆ ಹತ್ತಿ, ಮೇಲಿಂದ, ನಡುವಿಂದ, ತಳದಿಂದ ಸ್ಯಾಂಪಲ್ ಎತ್ತುತ್ತಿದ್ದೆವು. ಸೋರ್ ತೈಲವಾದರೆ ಮುಖಕ್ಕೆ ಮಾಸ್ಕ್ ಕಡ್ಡಾಯ. ಅದರಿಂದೇಳುವ ವಿಷಾನಿಲ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಜೀವಕ್ಕೇ ಅಪಾಯ. ನಾವು ಮುಖ್ಯವಾಗಿ ನೋಡುತ್ತಿದ್ದುದು ನೀರು. 20 ಲಕ್ಷ ಬ್ಯಾರೆಲ್‌ನಲ್ಲಿ ಅರ್ಧ ಶೇಕಡಾ ನೀರಿದ್ದರೂ 10,000 ಬ್ಯಾರೆಲ್ ನೀರಿಗೆ ತೈಲದ ದುಡ್ಡು ಕೊಟ್ಟಂತೆ.