ಬರಹಗಾರರಿಗೆ ಸಲಹೆ: ಕೊಳವೆಬಾವಿ ನೀರು ಎಲ್ಲಿ ಹೋಯಿತು?

ಆತ್ಮೀಯರೇ, ನಮಸ್ಕಾರ.

‘ಗ್ರಾಫೀನ್: ವಿಷ ಪತ್ತೆಗೆ ಬಂದ ಸಂಜೀವಿನಿ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಮಾತ್ರ ಕೈಬಿಡಬೇಡಿ. ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ಈ ಕೆಲಸವನ್ನು ಸ್ವತಃ ಮಾಡಿ ನೋಡಿದ್ದೀರಿ. ಅಂಥವರು ಕನ್ನಡದಲ್ಲಿ ಬರೆಯಲು ಮುಂದೆ ಬರುವುದೇ ಅಪರೂಪ. ಅದಕ್ಕಾಗಿಯೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಆರು ಪುಟಗಳಲ್ಲಿ ಮೊದಲ ನಾಲ್ಕು, ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್‌ನ ಗುಣಗಾನಕ್ಕೇ ಹೋಗಿವೆ. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟ್‌ನ ಪದರ ಬಿಡಿಸಿದ್ದು, 2010ರ ನೊಬೆಲ್, ಉಕ್ಕನ್ನು ಮೀರಿಸುವ ಗಟ್ಟಿತನ. ಇದನ್ನೆಲ್ಲ ಓದುಗರು ಹತ್ತು ಕಡೆ ಓದಿರುತ್ತಾರೆ. ನೀವು ಹೇಳಹೊರಟದ್ದು ಮಾರ್ಪಡಿಸಿದ ಗ್ರಾಫೀನ್‌ ಬಗ್ಗೆ. ಆ ಮಾರ್ಪಾಡಿಗೆ ಸಿಕ್ಕಿರುವುದು ಎರಡೇ ಸಾಲು.

‘ಗ್ರಾಫೀನ್ ಒಂದೇ ಒಂದು ಅಣುವನ್ನೂ ಪತ್ತೆಹಚ್ಚುತ್ತದೆ’ ಎಂದು ಬರೆದಿದ್ದೀರಿ. ಸುಳ್ಳಲ್ಲ, ಅರ್ಧ ಕತೆ. 2007ರಲ್ಲಿ ಮ್ಯಾಂಚೆಸ್ಟರ್ ತಂಡ ನೈಟ್ರೋಜನ್ ಡೈಆಕ್ಸೈಡ್ ಅಣು ಒಂದೊಂದಾಗಿ ಬಂದು ಕೂತಾಗ, ಎದ್ದು ಹೋದಾಗ ಗ್ರಾಫೀನ್‌ನ ವಿದ್ಯುತ್ ರೋಧ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದನ್ನು ತೋರಿಸಿತು. ಒಂದೇ ಪರಮಾಣುವಿನಷ್ಟು ದಪ್ಪದ ವಸ್ತುವಿಗೆ ಒಳಗು ಎಂಬುದಿಲ್ಲ, ಎಲ್ಲವೂ ಮೇಲ್ಮೈ. ಯಾರು ಬಂದು ಕೂತರೂ ಅದಕ್ಕೆ ತಿಳಿಯುತ್ತದೆ. ಕತೆಯ ಉಳಿದರ್ಧ ನಡೆದದ್ದು 2009ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಇಂಥ ಸೆನ್ಸರ್‌ಗಳನ್ನು ತಯಾರಿಸುವಾಗ ಗ್ರಾಫೀನ್ ಮೇಲೆ ಒಂದಿಷ್ಟು ಪಾಲಿಮರ್ ಅಂಟಿಕೊಂಡು ಉಳಿಯುತ್ತದೆ. ಅಲ್ಲಿನ ತಂಡ ಆ ಕೊಳೆಯನ್ನು ಪೂರ್ತಿ ತೆಗೆದು ಮತ್ತೆ ಅಳೆಯಿತು. ಅಮೋನಿಯಾದಂಥ ಪ್ರಬಲ ಆವಿ ಹಾಯಿಸಿದರೂ ಪ್ರತಿಕ್ರಿಯೆ ಅಚ್ಚರಿಯಾಗುವಷ್ಟು ಕಡಿಮೆ! ಆವಿಯ ಅಣುಗಳನ್ನು ಹೀರಿ ಗ್ರಾಫೀನ್ ಪಕ್ಕಕ್ಕೆ ತಂದು ಗುಡ್ಡೆಹಾಕುತ್ತಿದ್ದದ್ದು ಆ ಕೊಳೆಯೇ.

ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಚೆಂದದ ಪ್ರಯೋಗ ಇಲ್ಲ. ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಬೇಕು. ಏಕೆಂದರೆ ಮಾರ್ಪಾಡು ಎಂದರೆ ಇಷ್ಟೇ: ಆಕಸ್ಮಿಕವಾಗಿ ಕೂತಿದ್ದ ಕೊಳೆಯ ಜಾಗದಲ್ಲಿ ನಮಗೆ ಬೇಕಾದದ್ದನ್ನು ಆರಿಸಿ ಕೂರಿಸುವುದು. ಬರೀ ಗ್ರಾಫೀನ್‌ಗೆ ಗಾಳಿಯ ತೇವವೂ ಅಷ್ಟೇ, ಅಮೋನಿಯಾವೂ ಅಷ್ಟೇ. ಯಾರೋ ಬಂದರು ಎನ್ನುತ್ತದೆ, ಬಂದವರು ಯಾರು ಎನ್ನದು. ಹೈಡ್ರೋಜನ್ ಬೇಕಿದ್ದರೆ ಮೇಲೆ ಪಲ್ಲಾಡಿಯಂ ಕಣಗಳನ್ನು ಕೂರಿಸುತ್ತಾರೆ, ಆರ್ಸೆನಿಕ್‌ಗೆ ಚಿನ್ನದ ನ್ಯಾನೋಕಣ. ಗುರುತು ಹಿಡಿಯುವ ಕೆಲಸ ಮೇಲೆ ಕೂತವರದು, ಸುದ್ದಿ ಮುಟ್ಟಿಸುವುದು ಗ್ರಾಫೀನ್. ಇದು ಓದುಗರ ಮನಸ್ಸಿನಲ್ಲಿ ಕೂತರೆ ಲೇಖನ ಗೆದ್ದಂತೆ.

ಗ್ರಾಫೈಟನ್ನು ಆಕ್ಸೈಡ್ ಮಾಡಿ ಗ್ರಾಫೀನ್ ಪಡೆಯಲು ನೆರವಾಗುವ ಹಮ್ಮರ್ಸ್ ವಿಧಾನವನ್ನು ‘ಪ್ರಮಾಣಿತ ವಿಧಾನದಂತೆ’ ಎಂದು ದಾಟಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಿ. ಗ್ರಾಫೈಟ್ ಆಕ್ಸೈಡನ್ನು ಬ್ರೋಡಿ ಎಂಬವರು ಮೊದಲು ಮಾಡಿದ್ದು 1859ರಲ್ಲಿ; ಹಮ್ಮರ್ಸ್ ವಿಧಾನ 1958ರದ್ದು. ಗ್ರಾಫೈಟ್ ಪುಡಿ, ಗಂಧಕಾಮ್ಲ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ಕೊನೆಗೆ ಸಿಗುವ ಕಂದು ದ್ರಾವಣಕ್ಕೆ ವಿಟಮಿನ್ ಸಿ ಹಾಕಿ ಬಿಸಿ ಮಾಡಿದರೆ ಆಕ್ಸೈಡ್ ಆಮ್ಲಜನಕ ಕಳೆದುಕೊಂಡು ಗ್ರಾಫೀನ್‌ಗೆ ಹತ್ತಿರವಾಗುತ್ತದೆ, ದ್ರಾವಣ ಕಪ್ಪಾಗುತ್ತದೆ. ಆ ಬಣ್ಣ ಬದಲಾಗುವುದನ್ನು ನೀವು ಕಣ್ಣಾರೆ ಕಂಡವರು. ಬರೆಯದೆ ಬಿಟ್ಟದ್ದೇಕೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಲೇಖನದ ಜೊತೆಗಿನ ಪತ್ರದಲ್ಲಿ ಒಂದು ಸಾಲು ಬರೆದಿದ್ದೀರಿ: ಬಿಸ್ಮತ್ ಎಂಬ ಲೋಹ ಲೇಪಿಸಿದ ನಿಮ್ಮ ಗ್ರಾಫೀನ್ ಎಲೆಕ್ಟ್ರೋಡ್ ಡಿಸ್ಟಿಲ್ಡ್ ವಾಟರ್‌ಗೆ ಬೆರೆಸಿದ ಸೀಸವನ್ನು ಚೆನ್ನಾಗಿ ತೋರಿಸಿತು, ಊರಿನ ಕೊಳವೆಬಾವಿ ನೀರಿಗೆ ಅಷ್ಟೇ ಸೀಸ ಬೆರೆಸಿದಾಗ ಅರ್ಧದಷ್ಟೂ ತೋರಿಸಲಿಲ್ಲ, ‘ಹಾಗಾಗಿ ಆ ಭಾಗ ಕೈಬಿಟ್ಟೆ’. ದಯವಿಟ್ಟು ಕೈಬಿಡಬೇಡಿ. ಜನ ಕುಡಿಯುವುದು ಕೊಳವೆಬಾವಿ ನೀರನ್ನು. ಎಲೆಕ್ಟ್ರೋಡ್‌ಗೆ ಋಣ ವಿಭವ (ನೆಗೆಟಿವ್ ವೋಲ್ಟೇಜ್) ಕೊಟ್ಟು ಒಂದೆರಡು ನಿಮಿಷ ಕಾದರೆ ನೀರಿನ ಸೀಸ ಲೋಹವಾಗಿ ಅದರ ಮೇಲೆ ಕೂರುತ್ತದೆ. ಆಮೇಲೆ ವಿಭವ ಏರಿಸುತ್ತ ಹೋದರೆ ಸೀಸ ಕರಗಿ ನೀರಿಗೆ ಮರಳುತ್ತದೆ, ಆಗ ಬರುವ ಕರೆಂಟಿನ ಶಿಖರ ಎಷ್ಟು ಎತ್ತರ ಎಂಬುದರಿಂದ ಸೀಸ ಎಷ್ಟಿತ್ತು ಎಂದು ಗೊತ್ತಾಗುತ್ತದೆ. ಇದನ್ನು ನೀವು ವಿವರಿಸಿದ್ದೀರಿ, ಚೆನ್ನಾಗಿಯೇ ಇದೆ. ಕೊಳವೆಬಾವಿ ನೀರಿನಲ್ಲಿ ಏನಾಯಿತು? ಕರಗಿದ ಜೈವಿಕ ವಸ್ತು ಸೀಸವನ್ನು ಹಿಡಿದಿಟ್ಟುಕೊಂಡಿತೇ, ತಾಮ್ರ ಅಡ್ಡ ಬಂತೇ, ಎಲೆಕ್ಟ್ರೋಡ್ ಮೇಲೆ ಪೊರೆ ಕಟ್ಟಿತೇ? ಅದೇ ನೀರಿಗೆ ಗೊತ್ತಿರುವಷ್ಟು ಸೀಸವನ್ನು ಹಂತಹಂತವಾಗಿ ಸೇರಿಸುತ್ತ ಅಳೆದು ನೋಡಿದಿರಾ? ಉತ್ತರ ಸಿಕ್ಕಿರದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ. ಪ್ರಬಂಧಗಳಿಂದ ಎತ್ತಿಕೊಂಡ ಹನ್ನೊಂದು ಸೆನ್ಸರ್‌ಗಳ ಪತ್ತೆಮಿತಿಯ (ಎಷ್ಟು ಕಡಿಮೆ ಇದ್ದರೂ ಗುರುತಿಸಬಲ್ಲವು ಎಂಬುದರ) ಪಟ್ಟಿಯನ್ನು ಮಾತ್ರ ತೆಗೆದುಬಿಡಿ. ಅಂಥ ಅಂಕಿಗಳು ಹೆಚ್ಚಾಗಿ ಲ್ಯಾಬಿನ ಶುದ್ಧ ದ್ರಾವಣದಲ್ಲಿ ಬಂದವು. ಪಕ್ಕಪಕ್ಕ ಇಟ್ಟರೆ ಓದುಗರ ದಾರಿ ತಪ್ಪುತ್ತದೆ.

ಬಿಸ್ಮತ್ ಏಕೆ ಎಂಬುದನ್ನೂ ಹೇಳಿ. 1922ರಲ್ಲಿ ಪ್ರಾಗ್‌ನಲ್ಲಿ ಯಾರೋಸ್ಲಾವ್ ಹೈರೋವ್‌ಸ್ಕಿ ಪಾದರಸದ ಹನಿಯನ್ನೇ ಎಲೆಕ್ಟ್ರೋಡ್ ಮಾಡಿ ಇಂಥ ವಿಶ್ಲೇಷಣೆಗೆ ದಾರಿ ತೆರೆದರು. ವಿಷಲೋಹ ಅಳೆಯಲು ಇನ್ನೊಂದು ವಿಷಲೋಹವನ್ನೇ ದಶಕಗಳ ಕಾಲ ನೆಚ್ಚಿಕೊಳ್ಳಬೇಕಾಯಿತು. ಅಷ್ಟು ವಿಷವಲ್ಲದ ಬಿಸ್ಮತ್ ಆ ಜಾಗಕ್ಕೆ ಬಂದದ್ದು 2000ದ ಸುಮಾರಿಗೆ.

‘ಪಿಪಿಬಿ’ಯನ್ನು ‘ಶತಕೋಟಿಯಲ್ಲೊಂದು ಭಾಗ’ ಎಂದು ಬಿಟ್ಟಿದ್ದೀರಿ. ಕಣ್ಣಿಗೆ ಕಟ್ಟುವುದಿಲ್ಲ. 12,000 ಲೀಟರಿನ ನಾಲ್ಕು ಟ್ಯಾಂಕರ್ ನೀರಿಗೆ ಒಂದು ಹನಿ, ಹೆಚ್ಚುಕಡಿಮೆ ಅದು ಒಂದು ಪಿಪಿಬಿ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಆ ನಾಲ್ಕು ಟ್ಯಾಂಕರಿಗೆ ಹತ್ತೇ ಹನಿ. ಆರ್ಸೆನಿಕ್‌ಗೂ ಇದೇ ಮಿತಿ. ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದೆ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ. ಕೊಡದಲ್ಲಿ ನೋಡಿ ತಿಳಿಯುವ ದಾರಿಯೇ ಇಲ್ಲ. ಸೆನ್ಸರ್ ಯಾಕೆ ಬೇಕು ಎಂಬುದಕ್ಕೆ ನಿಮ್ಮ ಪೀಠಿಕೆಯ ಒಂದು ಪುಟಕ್ಕಿಂತ ಇದು ಹೆಚ್ಚು ಹೇಳುತ್ತದೆ.

ಭಾಷೆಯ ಬಗ್ಗೆ ಒಂದೇ ಮಾತು. ‘ಮಾರ್ಪಡಿಸಲ್ಪಟ್ಟ ಗ್ರಾಫೀನ್‌ನ ಬಳಸುವಿಕೆಯಿಂದ ಲೋಹ ಅಯಾನುಗಳ ಪತ್ತೆಹಚ್ಚುವಿಕೆಯು ಕೈಗೊಳ್ಳಲ್ಪಡುತ್ತದೆ’ ಎಂದು ಬರೆದಿದ್ದೀರಿ. ಇದನ್ನೇ ನಿಮ್ಮ ತಾಯಿಗೆ ಹೇಳುವಾಗ ಏನೆನ್ನುತ್ತೀರಿ? ‘ನೀರಲ್ಲಿ ಚೂರು ಸೀಸ ಇದ್ದರೂ ಈ ಪಟ್ಟಿ ಹೇಳುತ್ತೆ’ ಎನ್ನುತ್ತೀರಿ. ಹಾಗೆ ಬರೆಯಿರಿ. ಎಲೆಕ್ಟ್ರೋಡ್, ಸೆನ್ಸರ್ ಹಾಗೆಯೇ ಇರಲಿ, ಯಾರಿಗೂ ತೊಡಕಾಗದು. ಶೀರ್ಷಿಕೆಯ ‘ಸಂಜೀವಿನಿ’ ಹೋಗಲಿ.

ನಾಲ್ಕು ಪುಟ ಸಾಕು. ಎರಡು ನೀರಿನಲ್ಲೂ ಬಂದ ಗ್ರಾಫ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಕಳಿಸಿ. ಆ ಕೊಳವೆಬಾವಿ ಎಷ್ಟು ಅಡಿ ಆಳದ್ದು, ಎಷ್ಟು ಮನೆಗಳವರು ಅದರ ನೀರು ಕುಡಿಯುತ್ತಾರೆ ಎಂಬುದನ್ನೂ ವಿಚಾರಿಸಿ ಬರೆಯಿರಿ. ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ